ಫ್ಲಾಸ್ಕಿಗೆ ನೀರು ಮಾತ್ರ

ನಂಜನಗೂಡಿನ ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ಲ್ಯಾಬು ಸಿದ್ಧವಾಗುತ್ತಿತ್ತು. ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಬ್ಯೂರೆಟ್ಟುಗಳು ಸಾಲದೆ ಬಂದಾಗ ನಮ್ಮ ಲ್ಯಾಬಿನ ಸಹಾಯಕಿ ಬೀರುವಿನ ತಳದಿಂದ ಒಂದು ಹಳೆಯ ಕಟ್ಟನ್ನು ಎಳೆದು ತೆಗೆದಳು. ಯಾವುದೋ ಕಾಲದಲ್ಲಿ ನರಸೀಪುರದ ಕಾಲೇಜೊಂದರಿಂದ ಇಲ್ಲಿಗೆ ಬಂದ ಸಾಮಾನು. ಈಗಿನ ಬ್ಯೂರೆಟ್ಟುಗಳಿಗೆ ಪ್ಲಾಸ್ಟಿಕ್ಕಿನ ತಿರುಪು ಇರುತ್ತದೆ, ಎಣ್ಣೆ ಜಿಡ್ಡು ಏನೂ ಬೇಡ. ಇವು ಗಾಜಿನ ಕೊಳವೆಗೆ ಗಾಜಿನದೇ ತಿರುಪು ಇದ್ದಂಥವು. ಒಂದರದ್ದು ಕಚ್ಚಿಕೊಂಡು ತಿರುಗುತ್ತಲೇ ಇರಲಿಲ್ಲ. ಅವಳು ಅದರ ಬುಡವನ್ನು ಬಿಸಿನೀರಿನ ಬೀಕರಿನಲ್ಲಿ ಅದ್ದಿ ಹಿಡಿದಳು.

ಆಗ ಬಂತು ಆ ವಾಸನೆ. ಜೇನುಮೇಣ, ಅದರ ಹಿಂದೆ ಹರಳೆಣ್ಣೆ.

ಕೈಯಲ್ಲಿದ್ದ ವಿದ್ಯಾರ್ಥಿಗಳ ಪಟ್ಟಿಯನ್ನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಕಿಟಕಿ ತೆಗೆದೆ. "ಯಾಕೆ ಮೇಡಂ, ವಾಸ್ನೆ ಆಗಲ್ವಾ? ಇದನ್ನ ಗುಜರಿಗೆ ಹಾಕ್ಬಿಡ್ಲಾ?" ಎಂದಳು ಸಹಾಯಕಿ. ಬೇಡ ಎಂದವಳು ಯಾಕೆ ಬೇಡ ಎಂದು ಹೇಳದೆ ಸ್ಟಾಫ್ ರೂಮಿಗೆ ಹೋದೆ, ಅಲ್ಲೂ ಕೂರಲಾಗದೆ ವಾಪಸ್ ಬಂದೆ. ಇಪ್ಪತ್ತೆಂಟು ವರ್ಷದಿಂದ ನನ್ನನ್ನು ಕೂತಲ್ಲಿ ಕೂರಲು ಬಿಡದೆ ಇರುವ ಒಬ್ಬ ಮನುಷ್ಯನ ಕೈಯ ಮೇಣ ಅದು.

ಅವರನ್ನು ನಾವೆಲ್ಲ ಲ್ಯಾಬಣ್ಣ ಎನ್ನುತ್ತಿದ್ದೆವು. ನಾನು ನರಸೀಪುರದಲ್ಲಿ ಪಿಯುಸಿ ಓದುವಾಗ ಅಲ್ಲಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರು. ಖಾಕಿ ಅಂಗಿಯ ತುಂಬ ಆಸಿಡ್ ತಿಂದ ತೂತುಗಳು. ಬ್ಯೂರೆಟ್ಟಿನ ತಿರುಪಿಗೆ ಸವರಲು ಬೇಕಾದ ವ್ಯಾಸಲೀನು ಕಾಲೇಜಿಗೆ ಯಾವತ್ತೂ ಸಮಯಕ್ಕೆ ಬರುತ್ತಿರಲಿಲ್ಲವಂತೆ. ಅದಕ್ಕೆ ಜೇನುಮೇಣವನ್ನು ಹರಳೆಣ್ಣೆಯಲ್ಲಿ ಕರಗಿಸಿ ಅವರೇ ಒಂದು ಡಬ್ಬಿ ಮಾಡಿಟ್ಟುಕೊಂಡಿದ್ದರು. ತಿರುಪಿನ ಎರಡು ಬದಿಗೆ ಬೆರಳತುದಿಯಷ್ಟು ಸವರಿ, ಒಂದು ಸುತ್ತು ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಜಾಸ್ತಿಯಾಗಿ ತೂತು ಕಟ್ಟಿಕೊಂಡರೆ ಕಿವಿಯ ಮೇಲೆ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಪೊರಕೆಕಡ್ಡಿ ಕೆಳಗಿಳಿಯುತ್ತಿತ್ತು.

ಪಾಠ ಮಾಡುತ್ತಿದ್ದವರು ನಮ್ಮ ಮೇಷ್ಟ್ರು. ಕೈ ತಿದ್ದುತ್ತಿದ್ದವರು ಮಾತ್ರ ಲ್ಯಾಬಣ್ಣ. ನಾವು ಬ್ಯೂರೆಟ್ಟಿನ ಅಂಕಿ ಓದಲು ಕೊಳವೆಯನ್ನೇ ವಾಲಿಸಿದರೆ ಹಿಂದಿನಿಂದ ದನಿ ಬರುತ್ತಿತ್ತು. "ನೀನು ಅದ್ರ ಮಟ್ಟಕ್ಕೆ ಬಗ್ಗು ಕಣವ್ವ. ಅದ್ನ ನಿನ್ ಮಟ್ಟಕ್ಕೆ ಎಳೀಬ್ಯಾಡ." ಯಾರದೋ ಮದುವೆ ಕರೆಯೋಲೆಯ ಬಿಳಿ ಬೆನ್ನನ್ನು ಕೊಳವೆಯ ಹಿಂದೆ ಹಿಡಿದು, ಗೆರೆ ಎಲ್ಲಿ ನಿಂತಿದೆ ಎಂದು ತೋರಿಸುತ್ತಿದ್ದರು. ಪಿಪೆಟ್ಟಿನಲ್ಲಿ ಅಳೆದು ಬಿಟ್ಟ ಮೇಲೆ ತುದಿಯಲ್ಲಿ ಒಂದು ಹನಿ ಉಳಿಯುತ್ತದಲ್ಲ, ಅದನ್ನು ನಾವು ಊದಿ ಬೀಳಿಸಿದರೆ ಅವರಿಗೆ ಸಿಟ್ಟು. "ಆ ಕಡೇ ಹನಿ ಪಿಪೆಟ್ಟಿಂದು. ಅದ್ಯಾಕ್ ಕಿತ್ಕತೀಯೆ?" ಮೇಷ್ಟ್ರು ಅರ್ಧ ಗಂಟೆ ವಿವರಿಸಿದ್ದು ತಲೆಗೆ ಹತ್ತದೆ ಇದ್ದವರಿಗೂ ಇದು ಹತ್ತುತ್ತಿತ್ತು.

ಇನ್ನೊಂದು ಪದ್ಧತಿಯೂ ಇತ್ತು. ಪರೀಕ್ಷೆಯ ದಿನ, ಬೇರೆ ಊರಿನಿಂದ ಪರೀಕ್ಷಕರು ಬರುವ ಮುಂಚೆಯೇ ಲ್ಯಾಬಣ್ಣ ದ್ರಾವಣಗಳನ್ನು ತಾವೇ ಒಮ್ಮೆ ಅಳೆದು ನೋಡಿರುತ್ತಿದ್ದರು. ಆಮೇಲೆ ಸೀಸೆ ತುಂಬುವ ನೆಪದಲ್ಲಿ ಬೆಂಚಿನಿಂದ ಬೆಂಚಿಗೆ ಬಂದು, ತುಟಿ ಅಲ್ಲಾಡಿಸದೆ ಉತ್ತರ ಹೇಳಿ ಹೋಗುತ್ತಿದ್ದರು. ಯಾರಿಂದಲೂ ಒಂದು ಟೀ ಕುಡಿದವರಲ್ಲ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಒಂದು ಹನಿಗಾಗಿ ನಪಾಸಾಗಬಾರದು ಅನ್ನುವುದಷ್ಟೇ ಅವರ ಲೆಕ್ಕ. ತಪ್ಪು, ಒಪ್ಪುತ್ತೇನೆ. ಇವತ್ತು ನನ್ನ ಲ್ಯಾಬಿನಲ್ಲಿ ಯಾರಾದರೂ ಹಾಗೆ ಮಾಡಿದರೆ ನಾನೇ ಸುಮ್ಮನಿರುವುದಿಲ್ಲ. ಆದರೆ ಅವತ್ತು ನಾನು ಮಾಡಿದ್ದು...

ಅದಕ್ಕೆ ಮುಂಚೆ ನಮ್ಮ ಮನೆಯ ಹಾಲಿನ ಕ್ಯಾನಿನ ವಿಷಯ ಹೇಳಬೇಕು. ನಮ್ಮದು ಬನ್ನೂರಿನ ಹತ್ತಿರದ ಒಂದು ಹಳ್ಳಿ. ಎರಡು ಹಸು, ಡೈರಿಗೆ ಹಾಲು. ನಾನು ಚಿಕ್ಕವಳಿದ್ದಾಗ ಒಂದು ದಿನ ಡೈರಿಯಲ್ಲಿ ಅಮ್ಮನ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟಾಗ ಅದು ಇರಬೇಕಾದ ಗೆರೆಗಿಂತ ಕೆಳಗೆ ಹೋಯಿತು. ನೀರು ಬೆರೆಸಿದ್ದೀರಿ ಎಂದು ಸಾಲಿನಲ್ಲಿ ನಿಂತಿದ್ದವರೆದುರಿಗೇ ಹೇಳಿದರು. ಅಮ್ಮ ಬೆರೆಸಿರಲಿಲ್ಲ. ತೊಳೆದ ಕ್ಯಾನನ್ನು ಸರಿಯಾಗಿ ಬೋರಲು ಹಾಕದೆ ತಳದಲ್ಲಿ ನೀರು ಉಳಿದಿತ್ತು, ಅಷ್ಟೆ. ಅವತ್ತು ಅಮ್ಮ ಹಿತ್ತಿಲಿನಲ್ಲಿ ಕೂತು ಅತ್ತದ್ದನ್ನು ನಾನು ಕಣ್ಣಾರೆ ನೋಡಿದೆ. ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಹೊಸ ಶಾಸ್ತ್ರ ಶುರುವಾಯಿತು. ಕ್ಯಾನನ್ನು ನೀರಿನಲ್ಲಿ ತೊಳೆದ ಮೇಲೆ ಒಂದು ಗುಟುಕು ಹಾಲು ಹಾಕಿ, ಗಲಗಲ ಆಡಿಸಿ, ಅದನ್ನು ಬೆಕ್ಕಿಗೆ ಸುರಿದು, ಆಮೇಲೆ ಡೈರಿಯ ಹಾಲು ತುಂಬಬೇಕು. ನೀರಿನ ಪಸೆ ಇರುವ ಪಾತ್ರೆ ಎಂದರೆ ನನ್ನ ಪಾಲಿಗೆ ಮೋಸದ ಪಾತ್ರೆ.

ಪರೀಕ್ಷೆಗೆ ನನಗೆ ಬಂದದ್ದು ಎಲ್ಲರಿಗೂ ಬರುವಂಥದ್ದೇ. ಮೇಲೆ ಬ್ಯೂರೆಟ್ಟಿನಲ್ಲಿ ನೇರಳೆ ಬಣ್ಣದ ಪರ್ಮಾಂಗನೇಟು, ಕೆಳಗೆ ಕೋನಿಕಲ್ ಫ್ಲಾಸ್ಕಿನಲ್ಲಿ ಪಿಪೆಟ್ಟಿನಿಂದ ಅಳೆದು ಹಾಕಿ ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲ. ಮೇಲಿನದು ಹನಿಹನಿಯಾಗಿ ಬೀಳುತ್ತಿದ್ದರೆ ಬಣ್ಣ ಮಾಯವಾಗುತ್ತದೆ, ಮಾಯವಾಗುತ್ತಲೇ ಇರುತ್ತದೆ, ಆಮೇಲೆ ಒಂದೇ ಒಂದು ಹನಿಗೆ ತಿಳಿಗುಲಾಬಿ ನಿಂತುಬಿಡುತ್ತದೆ. ಅಲ್ಲಿಗೆ ನಿಲ್ಲಿಸಿ, ಎಷ್ಟು ಇಳಿಯಿತು ಎಂದು ಬರೆಯಬೇಕು. ವರ್ಷವಿಡೀ ಇಬ್ಬಿಬ್ಬರು ಜೋಡಿಯಾಗಿ ಮಾಡಿದ್ದೆವು. ಬ್ಯೂರೆಟ್ಟು ಪಿಪೆಟ್ಟು ನನ್ನ ಕೆಲಸ, ಫ್ಲಾಸ್ಕು ತೊಳೆಯುವುದು ನನ್ನ ಜೋಡಿಯ ಹುಡುಗಿಯ ಕೆಲಸ. ಪರೀಕ್ಷೆಯಲ್ಲಿ ಮೊದಲ ಸಲ ಫ್ಲಾಸ್ಕು ನನ್ನ ಕೈಗೆ ಬಂತು. ಬ್ಯೂರೆಟ್ಟನ್ನು ಅದಕ್ಕೆ ತುಂಬುವ ದ್ರಾವಣದಿಂದಲೇ ಗಲಬರಿಸಬೇಕು, ಪಿಪೆಟ್ಟನ್ನೂ ಹಾಗೆಯೇ. ಅಂದಮೇಲೆ ಫ್ಲಾಸ್ಕನ್ನು? ಯೋಚನೆಯೇ ಮಾಡಲಿಲ್ಲ. ಒಂದು ಗುಟುಕು ಆಮ್ಲ ಹಾಕಿ, ಅಮ್ಮನ ಕ್ಯಾನಿನಂತೆ ಗಲಗಲ ಆಡಿಸಿ, ಚೆಲ್ಲಿದೆ.

ಲ್ಯಾಬಣ್ಣ ಆ ಹೊತ್ತಿಗೆ ನನ್ನ ಬೆಂಚಿನ ಹತ್ತಿರವೇ ಇದ್ದರು. ಮೆಲ್ಲಗೆ ಅಂದರು, "ಫ್ಲಾಸ್ಕ್‌ಗೆ ನೀರು ಮಾತ್ರ ಕಣವ್ವ. ಇನ್ನೊಂದ್ಸಲ ನೀರಲ್ಲಿ ತೊಳ್ಕೊ."

"ನನಗೆ ಗೊತ್ತು," ಎಂದೆ. ತಲೆ ಕೂಡ ಎತ್ತಲಿಲ್ಲ. ಅಟೆಂಡರಿಂದ ಹೇಳಿಸಿಕೊಳ್ಳುವಷ್ಟು ದಡ್ಡಿಯೇ ನಾನು ಎಂಬ ಜಂಬ. ಅದನ್ನು ಜಂಬ ಎಂದು ಕರೆಯಲು ನನಗೆ ಬಹಳ ವರ್ಷ ಹಿಡಿಯಿತು.

ಮೊದಲ ಸಲ ಬ್ಯೂರೆಟ್ಟಿನಿಂದ ಹತ್ತೂವರೆ ಎಂ.ಎಲ್. ಇಳಿಯಿತು. ಮತ್ತೆ ಆಮ್ಲದಲ್ಲೇ ಗಲಬರಿಸಿ ಮಾಡಿದೆ, ಹತ್ತೂವರೆ. ಮೂರನೆಯ ಸಲವೂ ಅಷ್ಟೇ. ಲ್ಯಾಬಣ್ಣ ಸೀಸೆ ಹಿಡಿದು ಮತ್ತೆ ಬಂದರು, ನನ್ನ ಹಾಳೆಯನ್ನು ನೋಡಿದರು, ಅತ್ತಿತ್ತ ನೋಡಿದರು. "ಒಂಬತ್ ಪಾಯಿಂಟ್ ಎಂಟು. ಬರ್ಕೊಂಬುಡವ್ವ, ಟೈಮ್ ಆಗೋಯ್ತು" ಎಂದು ಹೇಳಿ ಮುಂದಕ್ಕೆ ಹೋದರು.

ನನಗೆ ಮೈ ಉರಿದುಹೋಯಿತು. ನನ್ನ ಕಣ್ಣೆದುರಿಗೆ ಬಂದ ಅಂಕಿಯನ್ನು ಬಿಟ್ಟು ಅವರು ಕೊಟ್ಟ ಅಂಕಿಯನ್ನು ಬರೆಯಬೇಕೆ? ಅದು ಹಾಲಿಗೆ ನೀರು ಬೆರೆಸಿದಂತೆಯೇ ಅಲ್ಲವೆ? ಆ ಹೊತ್ತಿಗೆ ಪರೀಕ್ಷಕರು ನನ್ನ ಬೆಂಚಿಗೆ ಬಂದರು. ಎಲ್ಲರದೂ ಒಂದಾದರೆ ನಿನ್ನದು ಮಾತ್ರ ಯಾಕೆ ಬೇರೆ ಎಂದು ಕೇಳಿದರು. ನಾನು ನೆಟ್ಟಗೆ ನಿಂತು ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದೆ.

"ಎಲ್ರೂ ಅಟೆಂಡರ್ ಹೇಳಿದ್ದು ಬರ್ದಿದ್ದಾರೆ ಸರ್. ನಾನು ನಂಗೆ ಬಂದಿದ್ದು ಬರ್ದಿದೀನಿ."

ಅಷ್ಟು ಹೊತ್ತು ಟಿಣ್ ಟಿಣ್ ಎನ್ನುತ್ತಿದ್ದ ಗಾಜುಗಳೆಲ್ಲ ನಿಂತುಹೋದವು. ಮೇಷ್ಟ್ರು ಕಿಟಕಿಯ ಕಡೆಗೆ ತಿರುಗಿಕೊಂಡರು. ಪರೀಕ್ಷಕರು ಲ್ಯಾಬಣ್ಣನನ್ನು ಕರೆದು, ಹೇಳಿದ್ದು ನಿಜವೇನಯ್ಯಾ ಎಂದರು.

"ಯೋಳ್ದೆ ಸಾ."

"ಈ ಹುಡುಗಿಗೂ ಹೇಳಿದ್ಯಾ?"

ಲ್ಯಾಬಣ್ಣ ನನ್ನ ಕಡೆ ನೋಡಲಿಲ್ಲ. "ಇಲ್ಲ ಸಾ. ಆ ಮಗೀಗೆ ನಾನೇನೂ ಯೋಳಿಲ್ಲ. ಅದು ತಾನಾಗೇ ಮಾಡ್ಯದೆ."

ಎಂಥ ಸುಳ್ಳುಗಾರ ಎಂದುಕೊಂಡೆ. ಅವರನ್ನು ಹೊರಗೆ ಕಳಿಸಿದರು. ಬೇರೆ ದ್ರಾವಣ ತರಿಸಿ ಎಲ್ಲರ ಕೈಲೂ ಪರೀಕ್ಷೆಯನ್ನು ಮೊದಲಿನಿಂದ ಮಾಡಿಸಿದರು. ನಾನು ಮತ್ತೆ ಫ್ಲಾಸ್ಕನ್ನು ಆಮ್ಲದಲ್ಲೇ ತೊಳೆದೆ. ಉಳಿದವರಿಗೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ ಬಂತು, ನನ್ನದು ಮತ್ತೆ ಮೇಲೆ ಹೋಯಿತು. ನನಗೇ ಎಲ್ಲರಿಗಿಂತ ಕಡಿಮೆ ಅಂಕ. ಸತ್ಯ ಹೇಳಿದ್ದಕ್ಕೆ ಶಿಕ್ಷೆ ಎಂದು ಮನೆಯಲ್ಲಿ ಅಮ್ಮನೂ ನಾನೂ ಬಂದವರಿಗೆಲ್ಲ ಹೇಳಿಕೊಂಡೆವು. ಅಮ್ಮ ಹೇಳುವಾಗ ಪರೀಕ್ಷಕರು ಇಬ್ಬರಾಗುತ್ತಿದ್ದರು, ನಾನು ಮೇಜು ಬಡಿದು ಮಾತಾಡುತ್ತಿದ್ದೆ. ಕ್ಲಾಸಿನವರು ಮಾತ್ರ ನನಗೆ ಲ್ಯಾಕ್ಟೋಮೀಟರ್ ಎಂದು ಹೆಸರಿಟ್ಟು ಮಾತು ಬಿಟ್ಟರು. ಲ್ಯಾಬಣ್ಣನನ್ನು ತಲಕಾಡಿನ ಕಡೆಯ ಒಂದು ಶಾಲೆಗೆ ಹಾಕಿದರೆಂದು ಯಾರೋ ಹೇಳಿದರು. ಆ ಶಾಲೆಯಲ್ಲಿ ಲ್ಯಾಬೇ ಇರಲಿಲ್ಲ. ಗಂಟೆ ಹೊಡೆಯುವುದು, ಅಂಗಳ ಗುಡಿಸುವುದು. ನನಗೆ ಏನೂ ಅನ್ನಿಸಲಿಲ್ಲ. ಇಲ್ಲ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯೇ ಆಯಿತು.

ಬಿಎಸ್ಸಿಗೆ ಮೈಸೂರು ಸೇರಿದೆ. ಮೊದಲ ವಾರದ ಪ್ರಾಕ್ಟಿಕಲ್ಲಿನಲ್ಲಿ ನಾನು ಫ್ಲಾಸ್ಕಿಗೆ ಆಮ್ಲ ಸುರಿಯುತ್ತಿದ್ದಂತೆ ಅಲ್ಲಿನ ಮೇಡಂ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಏನಮ್ಮ ಮಾಡ್ತಿದೀಯ? ಅಳೆದು ಹಾಕೋದು ಪಿಪೆಟ್ಟು. ನೀನು ಅಳತೆ ಇಲ್ದೆ ಗೋಡೆಗೆ ಅಂಟಿಸಿದ್ದೂ ಲೆಕ್ಕಕ್ಕೆ ಸೇರುತ್ತಲ್ಲ? ರೀಡಿಂಗು ಜಾಸ್ತಿ ಬರುತ್ತೆ. ಫ್ಲಾಸ್ಕಿಗೆ ನೀರು ಮಾತ್ರ."

ನೀರು ಎಷ್ಟಿದ್ದರೂ ಅದರಲ್ಲಿ ಆಮ್ಲವಿಲ್ಲ. ಹಾಗಾಗಿ ಅದು ಅಳತೆ ಕೆಡಿಸುವುದಿಲ್ಲ. ಕ್ಯಾನಿಗೂ ಫ್ಲಾಸ್ಕಿಗೂ ಇರುವ ವ್ಯತ್ಯಾಸ ಇಷ್ಟೇ. ಅದು ಅರ್ಥವಾಗಲು ಎರಡು ಕ್ಷಣ ಸಾಕಾಯಿತು. ಅಂದರೆ ಅವತ್ತು ನರಸೀಪುರದಲ್ಲಿ ಒಂಬತ್ತು ಪಾಯಿಂಟ್ ಎಂಟೇ ನಿಜ. ಲ್ಯಾಬಣ್ಣ ಮೊದಲು ನನಗೆ ಹೇಳಿಕೊಟ್ಟದ್ದು ಉತ್ತರವನ್ನಲ್ಲ, ಕೆಲಸವನ್ನು. ನಾನು ಕೇಳದೆ ಹೋದ ಮೇಲೆ ಉತ್ತರ ಹೇಳಿದರು. ಕೊನೆಗೆ, ಆ ಹುಡುಗಿಗೂ ಹೇಳಿದ್ದೆ ಅಂದರೆ ನನ್ನ ಮೇಲೂ ಬರುತ್ತದೆಂದು ನನಗಾಗಿ ಸುಳ್ಳು ಹೇಳಿದರು. ಇಷ್ಟೂ ಗೊತ್ತಾದಾಗ ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು ಅಲ್ಲೇ ಕೂತುಬಿಟ್ಟೆ, ಜ್ವರವೇ ಎಂದು ಮೇಡಂ ಕೇಳಿದರು. ಹೌದು ಎಂದು ಹೇಳಿ ಹಾಸ್ಟೆಲ್ಲಿಗೆ ಹೋಗಿ ಮಲಗಿದೆ.

ಮುಂದಿನ ಭಾನುವಾರವೇ ಹೋಗಿ ಕ್ಷಮೆ ಕೇಳುತ್ತೇನೆ ಎಂದುಕೊಂಡೆ. ಭಾನುವಾರ ಬಂತು, ಹೋಯಿತು. ಅಂಥ ಎಷ್ಟೋ ಭಾನುವಾರ...

ಆಮೇಲೆ ಒಂದು ಸಂಜೆ ಅವರೇ ಸಿಕ್ಕಿದರು. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಬನ್ನೂರಿನ ಬಸ್ಸಿಗೆ ಕಾಯುತ್ತಿದ್ದೆ. ಹತ್ತು ಮಾರು ದೂರದಲ್ಲಿ ಅದೇ ಖಾಕಿ ಅಂಗಿ. ಅವರು ನನ್ನನ್ನು ನೋಡಿ ನಕ್ಕರು. ಹೇಳಬೇಕಾದ ಮಾತು ಗಂಟಲವರೆಗೂ ಬಂತು. ಕಾಲು ಮಾತ್ರ ತಾನಾಗಿ ಓಡಿ ಎದುರಿಗೆ ನಿಂತಿದ್ದ ಬಸ್ಸು ಹತ್ತಿಬಿಟ್ಟಿತು. ಕೂತು ಉಸಿರು ಬಿಟ್ಟೆ. ಮುಂದಿನ ಬಾಗಿಲಿನಿಂದ ಲ್ಯಾಬಣ್ಣನೂ ಹತ್ತಿದರು.

"ಇದು ತಲಕಾಡ್ ಬಸ್ಸು ಕಣವ್ವ. ಬನ್ನೂರಿಗೆ ಓಗೋದು ಆ ಕಡೆ ನಿಲ್ತದೆ."

"ನನಗೆ ಗೊತ್ತು. ತಲಕಾಡಿಗೇ ಹೋಗ್ಬೇಕು," ಎಂದೆ.

ನೋಡಿ, ಮತ್ತೆ ಅದೇ. ನಾಲಿಗೆಯ ತುದಿಯಲ್ಲಿ ಅದೊಂದು ಮಾತು ಯಾವಾಗಲೂ ರೆಡಿ. ಹೇಳಿದ ಮೇಲೆ ಹೋಗಲೇಬೇಕಲ್ಲ, ಹೋದೆ. ದಾರಿಯುದ್ದಕ್ಕೂ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕು ಎಂದು ಎರಡು ಸಲ ಎದ್ದೆ, ಎರಡು ಸಲ ಬ್ಯಾಗು ಸರಿಮಾಡಿಕೊಂಡವಳಂತೆ ನಟಿಸಿ ಕೂತೆ. ತಲಕಾಡಿಗೆ ಎರಡು ಸ್ಟಾಪು ಮುಂಚೆ ಅವರು ಇಳಿದರು. ಇಳಿಯುವಾಗ "ಉಸಾರಾಗ್ ಓಗವ್ವ, ಕಡೇ ಬಸ್ಸು ಏಳ್ಗಂಟೆಗೆ" ಎಂದರು. ನನಗೆ ತಲಕಾಡಿನಲ್ಲಿ ಯಾವ ಕೆಲಸವೂ ಇಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಮರಳು ತುಂಬಿದ ಚಪ್ಪಲಿಯಲ್ಲಿ ಅಲ್ಲಿ ಒಂದು ಗಂಟೆ ಸುಮ್ಮನೆ ಅಲೆದು, ಅವರು ಹೇಳಿದ ಬಸ್ಸಿಗೇ ವಾಪಸ್ ಬಂದೆ. ಅವರನ್ನು ಮತ್ತೆ ನೋಡಲಿಲ್ಲ.

ಹೋದ ತಿಂಗಳು ಆ ಮೇಣದ ವಾಸನೆ ಬಂದ ಸಂಜೆಯೇ ನನ್ನ ಹಳೆಯ ಜೋಡಿಯ ಹುಡುಗಿಗೆ ಫೋನು ಮಾಡಿದೆ. ಅವಳ ನಂಬರು ಎಷ್ಟೋ ವರ್ಷದಿಂದ ನನ್ನಲ್ಲಿತ್ತು. "ಅಯ್ಯೋ ಲ್ಯಾಕ್ಟೋಮೀಟರ್! ಇನ್ನೂ ಇದೀಯೇನೇ?" ಎಂದು ನಕ್ಕಳು. ಲ್ಯಾಬಣ್ಣನ ವಿಷಯ ಕೇಳಿದಾಗ ನಗು ನಿಂತಿತು. "ಅವ್ರು ತೀರ್ಕೊಂಡು ಒಂದು ವರ್ಷದ ಮೇಲಾಯ್ತು ಕಣೇ. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ.

ಆದರೂ ಹೋದೆ. ಅವರಿಗೆ ಹೇಳಲಾಗದ್ದನ್ನು ಅವರ ಮನೆಯವರಿಗಾದರೂ ಹೇಳಿ ಹಗುರಾಗೋಣ ಎಂಬ ಆಸೆ. ನಂಜನಗೂಡಿನಿಂದ ನರಸೀಪುರ, ಅಲ್ಲಿಂದ ತಲಕಾಡಿನ ಬಸ್ಸು, ಎರಡು ಸ್ಟಾಪು ಮುಂಚೆ ಇಳಿದು ಕೇಳಿದಾಗ ಯಾರೋ ಮನೆ ತೋರಿಸಿದರು. ಲ್ಯಾಬಣ್ಣನ ಹೆಂಡತಿ ಜಗಲಿಯಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ನರಸೀಪುರದ ಕಾಲೇಜಿನಲ್ಲಿ ಓದಿದವಳು, ಈಗ ನಾನೂ ಕೆಮಿಸ್ಟ್ರಿ ಹೇಳಿಕೊಡುತ್ತೇನೆ ಎಂದಾಗ ಮೊರ ಪಕ್ಕಕ್ಕಿಟ್ಟು ಚಾಪೆ ಹಾಸಿದರು.

"ಅವ್ರಿಗೆ ಆ ಲ್ಯಾಬು ಅಂದ್ರೆ ಪ್ರಾಣ ಕಣ್ರವ್ವ. ಮೊಮ್ಮಗೀಗೆ ಔಸ್ದಿ ಉಯ್ಯುವಾಗ್ಲೂ ಆ ಮುಚ್ಳಾನ ಕಣ್ಣಿನ್ ಮುಂದುಕ್ ಇಡ್ಕಂಡು, ಬಗ್ಗಿ ಗೆರೆ ನೋಡೋರು. ನಾವೆಲ್ಲ ನಗೋವಿ. ನಲ್ಲೀಲಿ ತೊಟ್ ತೊಟ್ ಅಂತ ನೀರ್ ಬಿದ್ರೆ ಎದ್ ಓಗಿ ಪಕ್ದಲ್ಲಿ ಕುಂತ್ಕಂಬುಡೋರು."

ಇನ್ನು ತಡಮಾಡಬಾರದು ಎಂದು ನಾನು ಬಾಯಿ ತೆರೆದೆ. "ಅವರು ಲ್ಯಾಬು ಬಿಟ್ಟು ಬಂದದ್ದು..." ಎಂದೆ.

"ಅದಾ? ನಮ್ಮತ್ತೆ ಆಗ ಆಸ್ಗೆ ಇಡುದ್ಬುಟ್ಟಿದ್ರು. ಇವ್ಳೊಬ್ಳೇ ಕಷ್ಟ ಪಡ್ತಾವ್ಳೆ ಅಂತವ ಅವ್ರೇ ಆಪೀಸಿಗ್ ಓಗಿ ಕೇಳ್ಕಂಡು ಇಲ್ಲೇ ಅತ್ರಕ್ ಆಕಿಸ್ಕಂಡ್ರು. ಪ್ರಾಣದಂಗಿದ್ ಕೆಲ್ಸ ನನಗೋಸ್ಕರ ಬುಟ್ರು ಕಣವ್ವ. ಯಾವ್ ಗಂಡಸು ಅಂಗ್ ಮಾಡಾನು?"

ಅವರ ಮುಖವನ್ನು ನೋಡಿದೆ. ಇಪ್ಪತ್ತೆಂಟು ವರ್ಷ ಆ ಮಾತನ್ನು ನಂಬಿಕೊಂಡು ಬದುಕಿದ ಮುಖ. ನಾನು ಹೇಳಲು ಬಂದದ್ದನ್ನು ಹೇಳಿದರೆ ಹಗುರಾಗುವುದು ನನಗೆ. ಅವರಿಗೆ? ಅವರ ಗಂಡ ಅವರಿಗಾಗಿ ಬಿಟ್ಟುಬಂದ ಲ್ಯಾಬು ಒಬ್ಬ ಜಂಬದ ಹುಡುಗಿ ಬಿಡಿಸಿದ ಲ್ಯಾಬಾಗಿಬಿಡುತ್ತದೆ. ಅವರು ಕೊಟ್ಟ ಮಜ್ಜಿಗೆಯ ಲೋಟವನ್ನು ಕೆಳಗಿಡಲೂ ಆಗದೆ ಕುಡಿಯಲೂ ಆಗದೆ ಹಿಡಿದುಕೊಂಡಿದ್ದೆ.

"ಅವಾಗವಾಗ ನಿಮ್ಮಂಗೆ ಓದ್ದೋರು ಬತ್ತಾರೆ," ಎಂದರು. "ಎಲ್ರೂ ಅದ್ನೇ ಯೋಳೋದು, ಪರೀಕ್ಷೇಲಿ ಅಣ್ಣ ನಮ್ ಕೈ ಬುಡ್ಲಿಲ್ಲ ಅಂತ. ನಿಮ್ಗೂ ಸಾಯ ಮಾಡಿದ್ರಾ?"

"ಮಾಡಿದ್ರು," ಎಂದೆ. "ನಾನೇ ತಗೊಳ್ಲಿಲ್ಲ."

ಅವರು ನಕ್ಕರು. ತುಂಬ ಒಳ್ಳೆಯ ನಗು. "ತಗೋಬೇಕಾಗಿತ್ತು ಕಣವ್ವ," ಎಂದು ಹೇಳಿ ಮತ್ತೆ ಮೊರ ಎತ್ತಿಕೊಂಡರು.

ಹಗುರಾಗಲು ಹೋದವಳು ಹಾಗೆಯೇ ವಾಪಸ್ ಬಂದೆ. ಬಸ್ಸು ಹತ್ತುವ ಮುಂಚೆ ಕಂಡಕ್ಟರನ್ನು ಎರಡು ಸಲ ಕೇಳಿದೆ, ಇದು ನರಸೀಪುರಕ್ಕೇ ತಾನೆ ಎಂದು. ಬೋರ್ಡು ಕಾಣಿಸಲ್ವಾ ಎಂದು ಅವನು ರೇಗಿದ. ಲ್ಯಾಬಣ್ಣ ಇಲ್ಲ. ಕ್ಷಮೆ ಕೇಳುವ ಜಾಗವೂ ಇಲ್ಲ. ಇದ್ದದ್ದೊಂದು ಜಾಗವನ್ನು ನಾನೇ ಬಾಯಿ ಮುಚ್ಚಿಕೊಂಡು ಬಿಟ್ಟುಬಂದೆ. ಅದು ಸರಿಯೋ ತಪ್ಪೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮೊನ್ನೆ ಪರೀಕ್ಷೆಗೆ ಮುಂಚಿನ ಕೊನೆಯ ಪ್ರಾಕ್ಟಿಕಲ್ ತರಗತಿ. ಆ ಹಳೆಯ ಬ್ಯೂರೆಟ್ಟಿನ ತಿರುಪು ಬಿಡಿಸಿಕೊಂಡಿದೆ, ಸಲೀಸಾಗಿ ತಿರುಗುತ್ತದೆ. ಅದನ್ನು ಕಿಟಕಿಯ ಪಕ್ಕದ ಸ್ಟ್ಯಾಂಡಿಗೆ ನಾನೇ ಸಿಕ್ಕಿಸಿದ್ದೆ. ಅದರ ಮುಂದೆ ನಿಂತಿದ್ದ ಹುಡುಗಿ ಫ್ಲಾಸ್ಕು ಕೈಗೆತ್ತಿಕೊಂಡಳು, ಇನ್ನೊಂದು ಕೈ ಆಮ್ಲದ ಸೀಸೆಯ ಕಡೆಗೆ ಹೋಯಿತು. ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, "ಫ್ಲಾಸ್ಕಿಗೆ ನೀರು ಮಾತ್ರ ಕಣಮ್ಮ."

"ಗೊತ್ತು ಮೇಡಂ," ಎಂದಳು. ತಲೆ ಎತ್ತಲಿಲ್ಲ.

ಅವಳು ಫ್ಲಾಸ್ಕನ್ನು ನಲ್ಲಿಯ ಕೆಳಗೆ ಹಿಡಿಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.